ಸೀಟು ಸಿಕ್ಕಿದೆ, ದುಡ್ಡಿಲ್ಲ: ತಂಗಿಯ ಇಂಜಿನಿಯರಿಂಗ್‌ಗೆ ಸಾಲ ಮಾಡಬಹುದಾ? ದಯವಿಟ್ಟು ತಿಳಿದವರು ಹೇಳಿ

ದಾವಣಗೆರೆ ಅಣ್ಣ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ನಮ್ಮಪ್ಪ ಆಟೊ ಓಡಿಸುತ್ತಾರೆ. ಅಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ನಾನು ಐಟಿಐ ಮುಗಿಸಿ ಗ್ಯಾರೇಜ್ ಒಂದರಲ್ಲಿದ್ದೇನೆ. ತಂಗಿ ಹತ್ತನೇ ಕ್ಲಾಸಿನವರೆಗೆ ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದಳು. ಪಿಯುಸಿಯೂ ಸರ್ಕಾರಿ ಕಾಲೇಜೇ. ಟ್ಯೂಷನ್ ಇಲ್ಲದೆ ಸಿಇಟಿ ಬರೆದಳು. ಈಗ ಬೆಂಗಳೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಬಂದಿದೆ. ಮೊಬೈಲಿನಲ್ಲಿ ಅಲಾಟ್‌ಮೆಂಟ್ ನೋಡಿದ ದಿನ ಅಪ್ಪ ಸ್ಟ್ಯಾಂಡಿನಲ್ಲೆಲ್ಲ ಪೇಡಾ ಹಂಚಿದರು.

ಮರುದಿನದಿಂದ ನಿದ್ದೆ ಇಲ್ಲ. ಶುಲ್ಕ ವರ್ಷಕ್ಕೆ ಲಕ್ಷದ ಹತ್ತಿರ. ಫೋನ್ ಮಾಡಿ ಕೇಳಿದರೆ ಕಾಲೇಜಿನವರು ‘ಇತರೆ ಶುಲ್ಕ’ ಅಂತ ಇನ್ನೂ 60 ಸಾವಿರ ಹೇಳಿದರು. ಪಿಜಿ ಬಾಡಿಗೆ, ಊಟ ಬೇರೆ. ಒಂದು ಬ್ಯಾಂಕಿಗೆ ಹೋದೆವು. ‘ನಿಮ್ಮ ಏರಿಯಾ ನಮ್ಮ ಬ್ರಾಂಚಿಗೆ ಬರಲ್ಲ’ ಅಂದರು. ಇನ್ನೊಂದು ಬ್ಯಾಂಕಿನವರು ‘ಮನೆ ಪತ್ರ ತನ್ನಿ’ ಅಂದರು. ನಮ್ಮದು ಬಾಡಿಗೆ ಮನೆ. ಅಮ್ಮ ತಮ್ಮ ಬೆಂಡೋಲೆ, ಎರಡೆಳೆ ಸರ ಅಡವಿಡೋಣ ಅಂತಿದ್ದಾರೆ. ಮೈಕ್ರೋಫೈನಾನ್ಸ್ ಸಂಘದವರು 50 ಸಾವಿರ ಕೊಡುತ್ತೇವೆ, ವಾರ ವಾರ ಕಟ್ಟಿ ಅಂತ ಮನೆಗೇ ಬಂದಿದ್ದರು.

ಸೀಟು ಒಪ್ಪಿಕೊಳ್ಳಲು ಇನ್ನು ಮೂರೇ ದಿನ. ಸಾಲ ಮಾಡೋಣ್ವಾ? ಮಾಡಿದರೆ ಎಲ್ಲಿ? ಇಲ್ಲ ಬೇಡ ಅಂತ ತಂಗಿಗೆ ಹೇಳಿಬಿಡೋಣ್ವಾ? ಆ ಮಾತು ನನ್ನ ಬಾಯಿಂದ ಬರುತ್ತಿಲ್ಲ.

ಪೀಣ್ಯ ಗಾರ್ಮೆಂಟ್ಸ್ ಅಕ್ಕ

ತಮ್ಮಾ, ಸಂಘದ ಸಾಲ ಮಾತ್ರ ಮುಟ್ಟಬೇಡಿ. ಮಗನ ಡಿಪ್ಲೊಮಾಗೆ ಅಂತ ನಾನು ತೆಗೆದುಕೊಂಡೆ. ಓದಿಗೆ ತೆಗೆದುಕೊಂಡ ದುಡ್ಡು ಮುಂದಿನ ವಾರದಿಂದಲೇ ವಾಪಸ್ ಕಟ್ಟಬೇಕು. ಮಗು ಓದಿ ಮುಗಿಸಲು ಮೂರು ವರ್ಷ ಬೇಕು. ಕಂತು ಕಟ್ಟಲು ಎರಡನೇ ಸಂಘ, ಅದಕ್ಕೆ ಮೂರನೇ ಸಂಘ. ಕೊನೆಗೆ ಪಿಎಫ್ ದುಡ್ಡು ತೆಗೆದು ತೀರಿಸಿದೆ. 2025ರ ಫೆಬ್ರವರಿಯಲ್ಲಿ ಸರ್ಕಾರ ವಸೂಲಿ ಕಿರುಕುಳದ ವಿರುದ್ಧ ಸುಗ್ರೀವಾಜ್ಞೆ ತಂದಿತು, ಒಳ್ಳೆಯದೇ ಆಯಿತು. ಆದರೆ ಸಾಲ ಸಾಲವೇ ಅಲ್ವಾ. ಬ್ಯಾಂಕಿಗೇ ಹೋಗಿ, ನಾಲ್ಕು ಸಲ ಓಡಾಡಿಸಿದರೂ ಬಿಡಬೇಡಿ.

ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ಮಗೂ, ಗಾಬರಿ ಬೇಡ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು ನಾನು. ಶಿಕ್ಷಣ ಸಾಲದ ಮೇಜಿನ ಹಿಂದೆ ಕೂತು ಎಷ್ಟೋ ಮಕ್ಕಳನ್ನು ನೋಡಿದ್ದೇನೆ. ನಿಧಾನವಾಗಿ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ.

4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿ ಅಡಮಾನ ಕೇಳುವಂತಿಲ್ಲ. ಇದು ರಿಸರ್ವ್ ಬ್ಯಾಂಕಿನ ಸೂಚನೆ. ತಂದೆ ಅಥವಾ ತಾಯಿ ಜಂಟಿ ಸಾಲಗಾರರಾಗಿ ಸಹಿ ಹಾಕಿದರೆ ಸಾಕು. 7.5 ಲಕ್ಷದವರೆಗಿನ ಸಾಲಕ್ಕೆ 2015ರಿಂದ ಕೇಂದ್ರದ ಖಾತರಿ ನಿಧಿ ಇದೆ. ಸಾಲ ಮುಳುಗಿದರೆ ಅದರ ಶೇ 75 ಭಾಗವನ್ನು ಆ ನಿಧಿ ಬ್ಯಾಂಕಿಗೆ ತುಂಬಿಕೊಡುತ್ತದೆ. ಅಂದಮೇಲೆ ಬಾಡಿಗೆ ಮನೆಯವರಿಗೆ ಪತ್ರ ತನ್ನಿ ಅನ್ನುವುದು ತಪ್ಪು. ಏರಿಯಾ ಬರಲ್ಲ ಅನ್ನುವುದೂ ಸಬೂಬು.

ಹೀಗೆ ಮಾಡಿ. ಶಿಕ್ಷಣ ಸಾಲಕ್ಕೆಂದೇ ಇರುವ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ನಂಬರ್ ಇಟ್ಟುಕೊಂಡು ಬ್ರಾಂಚಿಗೆ ಹೋಗಿ. ಆಗಲ್ಲ ಅಂದರೆ ‘ಕಾರಣ ಬರೆದು ಕೊಡಿ ಸರ್’ ಅಂತ ಮರ್ಯಾದೆಯಿಂದ ಕೇಳಿ. ದನಿ ಏರಿಸಬೇಡಿ. ಬರೆದು ಕೊಡಿ ಅನ್ನುವ ಒಂದು ಮಾತಿಗೆ ಎಷ್ಟೋ ಬಾಗಿಲು ತೆರೆಯುತ್ತದೆ, ನಾನು ನೋಡಿದ್ದೇನೆ.

ಇನ್ನು ಬಡ್ಡಿ ಲೆಕ್ಕ. ಸಾಲ ಕೊಡುವವರು ಇದನ್ನು ಬಿಡಿಸಿ ಹೇಳುವುದು ಕಡಿಮೆ. ವರ್ಷಕ್ಕೆ 1 ಲಕ್ಷದಂತೆ ನಾಲ್ಕು ವರ್ಷ ತೆಗೆದುಕೊಂಡಿರಿ, ಬಡ್ಡಿ ಶೇ 10 ಅಂತಿಟ್ಟುಕೊಳ್ಳಿ. ಓದು ಮುಗಿದು ಒಂದು ವರ್ಷದವರೆಗೆ ಕಂತು ಇಲ್ಲ. ಆದರೆ ಸರಳ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ ಲಕ್ಷಕ್ಕೆ ಐದು ವರ್ಷಕ್ಕೆ 50 ಸಾವಿರ, ಎರಡನೆಯದಕ್ಕೆ 40, ಮೂರನೆಯದಕ್ಕೆ 30, ನಾಲ್ಕನೆಯದಕ್ಕೆ 20. ಒಟ್ಟು 1.40 ಲಕ್ಷ. ಅಂದರೆ ಕಂತು ಶುರುವಾಗುವ ದಿನ ನಿಮ್ಮ ಸಾಲ 4 ಲಕ್ಷ ಅಲ್ಲ, 5.40 ಲಕ್ಷ. ಹತ್ತು ವರ್ಷಕ್ಕೆ ತಿಂಗಳ ಕಂತು 7,136 ರೂಪಾಯಿ ಆಗುತ್ತದೆ.

ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದ ಒಳಗಿದ್ದರೆ ಈ 1.40 ಲಕ್ಷವನ್ನು ಕೇಂದ್ರ ಸರ್ಕಾರವೇ ಕಟ್ಟುವ ಬಡ್ಡಿ ಸಹಾಯಧನ ಯೋಜನೆ ಇದೆ. 2009ರಿಂದ ನಡೆಯುತ್ತಿದೆ, ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೇ ಅದರ ನೋಡಲ್ ಬ್ಯಾಂಕ್, ಅಂದರೆ ಯೋಜನೆ ನೋಡಿಕೊಳ್ಳುವ ಬ್ಯಾಂಕ್. ಗುಣಮಟ್ಟ ನೋಡಿ ಕೊಡುವ ಮಾನ್ಯತೆ ಅಂತ ಇದೆ, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರಬೇಕು. ಮಧ್ಯದಲ್ಲಿ ಓದು ಬಿಟ್ಟರೆ ಸಿಗುವುದಿಲ್ಲ. ತಹಶೀಲ್ದಾರರ ಆದಾಯ ಪತ್ರ ಬೇಕು. ಅದನ್ನು ಸಾಲದ ಅರ್ಜಿಯ ಜೊತೆಗೇ ಕೊಡಿ. ಆಮೇಲೆ ಕೊಡೋಣ ಅಂತ ಬಿಟ್ಟವರು ಎಷ್ಟೋ ಜನ ಕಳೆದುಕೊಂಡಿದ್ದಾರೆ.

ದಾವಣಗೆರೆ ಅಣ್ಣ

ಸರ್, ಕೈ ಮುಗಿಯುತ್ತೇನೆ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಒಂದು ಅನುಮಾನ. ಕೊರೊನಾ ಟೈಮಲ್ಲಿ ಅಪ್ಪನ ಆಟೊ ಸಾಲದ ಕಂತು ಕೆಲವು ತಿಂಗಳು ತಪ್ಪಿತ್ತು. ಆಮೇಲೆ ಪೂರ್ತಿ ಕಟ್ಟಿದ್ದಾರೆ. ಸಿಬಿಲ್ (ಸಾಲ ಸರಿಯಾಗಿ ಕಟ್ಟಿದ್ದಾರಾ ಅಂತ ನೋಡುವ ಅಂಕ) ಕಡಿಮೆ ಇದೆ ಅಂತ ಹೇಳುತ್ತಾರೇನೋ.

ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ಸಾಲ ತೀರಿಸಿದ ಪತ್ರ ಇದೆಯಾ? ಅದನ್ನು ಹಿಡಿದುಕೊಂಡು ಹೋಗಿ. ತಾಯಿಯ ಹೆಸರು ಜಂಟಿಯಾಗಿ ಹಾಕಬಹುದಾ ಕೇಳಿ. 2023ರಲ್ಲಿ ಕೇರಳ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಸಿಬಿಲ್ ಕಡಿಮೆ ಅನ್ನುವ ಕಾರಣಕ್ಕೆ ವಿದ್ಯಾರ್ಥಿಗೆ ಶಿಕ್ಷಣ ಸಾಲ ನಿರಾಕರಿಸಬಾರದು ಅಂತ ಹೇಳಿತ್ತು. ಇದನ್ನು ಹಿಡಿದು ಮ್ಯಾನೇಜರ್ ಜೊತೆ ವಾದಕ್ಕೆ ಇಳಿಯಬೇಡಿ, ನಿಮ್ಮ ಧೈರ್ಯಕ್ಕೆ ತಿಳಿದಿರಲಿ.

ಆ 60 ಸಾವಿರದ ವಿಚಾರ. ಸಿಇಟಿ ಸೀಟಿಗೆ ನಿಗದಿಯಾದ ಶುಲ್ಕಕ್ಕಿಂತ ಜಾಸ್ತಿ ಕೇಳಿದರೆ ಪ್ರತಿಯೊಂದು ರೂಪಾಯಿಗೂ ಲಿಖಿತ ವಿವರ ಕೇಳಿ. ಡೊನೇಷನ್ ತಡೆಯುವ ಕಾಯ್ದೆ ನಮ್ಮ ರಾಜ್ಯದಲ್ಲಿ 1984ರಿಂದಲೇ ಇದೆ. ಶುಲ್ಕ ನಿಯಂತ್ರಣ ಸಮಿತಿಗೆ, ಸಿಇಟಿ ನಡೆಸುವ ಕೆಇಎಗೆ ದೂರು ಕೊಡಬಹುದು. ರಸೀದಿ ಕೊಡದ ದುಡ್ಡಿಗೆ ಬ್ಯಾಂಕು ಸಾಲವನ್ನೂ ಕೊಡುವುದಿಲ್ಲ.

2020 ಬ್ಯಾಚ್

ನನ್ನ ಕಥೆ ಹೇಳುತ್ತೇನೆ, ಹೆದರಿಸಲು ಅಲ್ಲ. ನಾನು ಗದಗದ ಕಡೆಯವನು. ನಮ್ಮದು ನೇಕಾರರ ಮನೆ. 3.8 ಲಕ್ಷ ಸಾಲ ಮಾಡಿ ಮೆಕ್ಯಾನಿಕಲ್ ಓದಿದೆ. ಕ್ಯಾಂಪಸ್ಸಿನಲ್ಲಿ ಕೆಲಸವೂ ಸಿಕ್ಕಿತ್ತು. ಕೊರೊನಾ ಬಂತು, ಕಂಪನಿ ಸೇರಿಸಿಕೊಳ್ಳಲಿಲ್ಲ. ಒಂದು ವರ್ಷ ಕಳೆದದ್ದೇ ಕಂತು ಶುರುವಾಯಿತು. ನನಗೆ ಆಗ ಸಂಬಳವೇ ಇಲ್ಲ. ಡೆಲಿವರಿ ಕೆಲಸ ಮಾಡುತ್ತಿದ್ದೆ.

ಬ್ಯಾಂಕಿನ ನೋಟಿಸು ಊರಿನ ಮನೆಗೆ ಹೋಗುತ್ತಿತ್ತು. ಅಪ್ಪ ಅದನ್ನು ಮಗ್ಗದ ಗುಂಡಿಯ ಪಕ್ಕದ ಗೂಡಿನಲ್ಲಿ ಬಚ್ಚಿಡುತ್ತಿದ್ದರು, ನನಗೆ ಗೊತ್ತಾಗಬಾರದು ಅಂತ. ದೀಪಾವಳಿಗೆ ಹೋದಾಗ ಐದು ನೋಟಿಸು ಒಟ್ಟಿಗೆ ಸಿಕ್ಕವು. ಅವತ್ತು ನಾವಿಬ್ಬರೂ ಮಾತಾಡಲಿಲ್ಲ.

ಈಗ ಕೆಲಸ ಇದೆ, ಕಟ್ಟುತ್ತಿದ್ದೇನೆ. ನನ್ನ ಸಿಟ್ಟು ಸಾಲದ ಮೇಲಲ್ಲ. ಸಾಲ ಇಲ್ಲದಿದ್ದರೆ ನಾನು ಓದುತ್ತಲೇ ಇರಲಿಲ್ಲ. ಕಂತು ಕ್ಯಾಲೆಂಡರ್ ನೋಡುತ್ತದೆ, ಸಂಬಳ ನೋಡುವುದಿಲ್ಲ. ನನ್ನ ಸಂಕಟ ಅದೊಂದೇ. ಕೆಲಸ ಸಿಕ್ಕ ಮೇಲೆ ಕಟ್ಟು ಅಂದಿದ್ದರೆ ಅಪ್ಪ ಆ ಕಾಗದಗಳನ್ನು ಬಚ್ಚಿಡಬೇಕಾಗಿರಲಿಲ್ಲ.

ಅಣ್ಣಾ, ಒಂದು ಸಲಹೆ. ಸಾಧ್ಯವಾದರೆ ಓದುವಾಗಲೇ ತಿಂಗಳ ಬಡ್ಡಿ ಕಟ್ಟಿ. ಮೊದಲ ವರ್ಷ 1 ಲಕ್ಷಕ್ಕೆ ತಿಂಗಳಿಗೆ 833 ರೂಪಾಯಿ ಅಷ್ಟೇ. ಹೀಗೆ ಕಟ್ಟಿದವರಿಗೆ ಬಡ್ಡಿಯಲ್ಲಿ ರಿಯಾಯಿತಿ ಕೊಡುವ ಬ್ಯಾಂಕುಗಳೂ ಇವೆ.

ಮೆಲ್ಬರ್ನ್ ಕನ್ನಡತಿ

2020 ಬ್ಯಾಚ್ ತಮ್ಮನ ಮಾತು ಓದಿ ಕಣ್ಣು ತುಂಬಿತು. ನೀವು ಕೇಳುತ್ತಿರುವ ಆ ಒಂದು ಏರ್ಪಾಡು ನಾನಿರುವ ಕಡೆ ಇದೆ. ನನ್ನ ಮಗಳು ಇಲ್ಲಿನ ನಾಗರಿಕಳು, ಹಾಗಾಗಿ ಹತ್ತಿರದಿಂದ ನೋಡಿದ್ದೇನೆ. ವಿದೇಶದಿಂದ ಓದಲು ಬರುವವರಿಗೆ ಇದು ಸಿಗುವುದಿಲ್ಲ.

ಆಸ್ಟ್ರೇಲಿಯಾದಲ್ಲಿ 1989ರಿಂದ ಹೆಕ್ಸ್ ಅಂತ ಇದೆ. ಕಾಲೇಜಿನ ಶುಲ್ಕವನ್ನು ಸರ್ಕಾರ ಕಟ್ಟಿಬಿಡುತ್ತದೆ. ಅದು ಮಗುವಿನ ಹೆಸರಿನಲ್ಲಿ ಸಾಲವಾಗಿ ಕೂರುತ್ತದೆ. ಅಪ್ಪ ಅಮ್ಮನ ಸಹಿ ಬೇಡ, ಅಡಮಾನ ಬೇಡ. ಕೆಲಸಕ್ಕೆ ಸೇರಿ ವರ್ಷದ ಆದಾಯ ಒಂದು ಮಟ್ಟ ದಾಟಿದ ಮೇಲೆ ಮಾತ್ರ ಸಂಬಳದಲ್ಲೇ ಸ್ವಲ್ಪ ಸ್ವಲ್ಪ ಹಿಡಿಯುತ್ತಾರೆ. 2025-26ಕ್ಕೆ ಆ ಮಟ್ಟ 67,000 ಡಾಲರ್. ಕೆಲಸ ಹೋದರೆ ಹಿಡಿಯುವುದೂ ನಿಲ್ಲುತ್ತದೆ. ಬ್ಯಾಂಕಿನ ಬಡ್ಡಿ ಇಲ್ಲ. ಬೆಲೆ ಏರಿಕೆಗೆ ತಕ್ಕಂತೆ ಮಾತ್ರ ಮೊತ್ತ ಏರುತ್ತದೆ. ಅದೂ ಈಚೆಗೆ ಭಾರವಾಯಿತು ಅಂತ ಜನ ಗಲಾಟೆ ಮಾಡಿದರು, 2025ರಲ್ಲಿ ಸರ್ಕಾರ ಎಲ್ಲರ ಬಾಕಿಯಲ್ಲೂ ಶೇ 20 ಇಳಿಸಿತು.

ನಮ್ಮಲ್ಲಿ ಎಲ್ಲರ ಆದಾಯವೂ ತೆರಿಗೆ ಲೆಕ್ಕಕ್ಕೆ ಸಿಗುವುದಿಲ್ಲ, ಹಾಗಾಗಿ ಇದ್ದಕ್ಕಿದ್ದಂತೆ ಮಾಡಲು ಆಗದು. ಆದರೆ ಪಿಎಫ್ ಖಾತೆ ಶುರುವಾದ ಮೇಲೆ ಕಂತು ಶುರು ಅಂತಾದರೂ ಮಾಡಬಹುದಲ್ವಾ?

ಕಿರಾಣಿ ಅಂಗಡಿ, ಹಾಸನ

ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ, ನನ್ನದೂ ಸ್ವಲ್ಪ ಕೇಳಿ. ನಾನು ಮಗನ ಶಿಕ್ಷಣ ಸಾಲ ಒಂದು ಕಂತೂ ತಪ್ಪದೆ ಕಟ್ಟಿದೆ. ಏಳು ವರ್ಷ ಹೊಸ ಬಟ್ಟೆ ತೆಗೆದುಕೊಳ್ಳಲಿಲ್ಲ. ಅಲ್ಲಿ ಬಾಕಿ ಇಳಿಸಿದರು ಅಂದಿರಿ, ಹಾಗೆ ಮನ್ನಾ ಅಂದರೆ ಕಟ್ಟಿದವನಿಗೆ ಏನು? ಮುಂದೆ ಸಾಲ ಕೇಳುವವರಿಗೆ ಬ್ಯಾಂಕು ಕೊಡುತ್ತದಾ? ಇದನ್ನೂ ಯೋಚಿಸಿ.

2020 ಬ್ಯಾಚ್

ಅಂಕಲ್, ನಿಮ್ಮ ಮಾತು ಸರಿ. ನಾನು ಮನ್ನಾ ಕೇಳುತ್ತಿಲ್ಲ. ಪೂರ್ತಿ ಕಟ್ಟುತ್ತೇನೆ. ಸಂಬಳ ಬರುವವರೆಗೆ ತಡೆದುಕೊಳ್ಳಿ ಅಂತಷ್ಟೇ ಕೇಳುತ್ತಿದ್ದೇನೆ. ನೀವು ಏಳು ವರ್ಷ ಹೊಸ ಬಟ್ಟೆ ಇಲ್ಲದೆ ಇದ್ದಿರಲ್ಲ, ಅದೂ ಬೇಕಿರಲಿಲ್ಲ ಅಂತ ನನಗನ್ನಿಸುತ್ತದೆ.

ಕಿರಾಣಿ ಅಂಗಡಿ, ಹಾಸನ

ಹಾಗಾದರೆ ನನ್ನ ತಕರಾರಿಲ್ಲ ಮಗನೇ. ತಡೆದುಕೊಳ್ಳುವುದು ಬೇರೆ, ಬಿಟ್ಟುಬಿಡುವುದು ಬೇರೆ.

ಸರ್ಕಾರಿ ಕಾಲೇಜು ಮೇಡಂ

ನಾನು ತಾಲ್ಲೂಕಿನ ಪ್ರಥಮ ದರ್ಜೆ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಮೊದಲು ನಿಮ್ಮ ತಂಗಿಗೆ ಒಂದು ಮುಖ್ಯ ವಿಷಯ. ಹತ್ತನೇ ಕ್ಲಾಸು, ಪಿಯುಸಿ ಎರಡೂ ಸರ್ಕಾರಿಯಲ್ಲಿ ಓದಿದ್ದಾಳೆ ಅಂದಿರಿ. ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ವಿದ್ಯಾರ್ಥಿವೇತನ ಅಂಥ ಹೆಣ್ಣುಮಕ್ಕಳಿಗೆಂದೇ ಇದೆ. ವರ್ಷಕ್ಕೆ 30 ಸಾವಿರ, ಕೋರ್ಸು ಮುಗಿಯುವವರೆಗೆ. ನಾಲ್ಕು ವರ್ಷಕ್ಕೆ 1.20 ಲಕ್ಷ ಆಯಿತು. ಸಾಲ ಅಲ್ಲ, ವಾಪಸ್ ಕೊಡುವಂತಿಲ್ಲ. ಪ್ರವೇಶ ಆದ ತಕ್ಷಣ ಅರ್ಜಿ ಹಾಕಲಿ.

ರೈತರ ಮಕ್ಕಳಿಗೆ 2021ರಲ್ಲಿ ಶುರುವಾದ ವಿದ್ಯಾನಿಧಿಯನ್ನು ಆಮೇಲೆ ಆಟೊ ಚಾಲಕರ ಮಕ್ಕಳಿಗೂ ವಿಸ್ತರಿಸಿದರು. ಇಂಜಿನಿಯರಿಂಗ್ ಓದುವ ಹುಡುಗಿಗೆ ಅದರಲ್ಲಿ ವರ್ಷಕ್ಕೆ 11 ಸಾವಿರ. ಈ ಸಲ ಅರ್ಜಿ ಕರೆದಿದ್ದಾರಾ ಅಂತ ಸೇವಾಸಿಂಧುನಲ್ಲಿ ನೋಡಿ. ಹಾಸ್ಟೆಲ್‌ಗೆ ಹಿಂದುಳಿದ ವರ್ಗಗಳ (ಬಿಸಿಎಂ) ಇಲಾಖೆಗೆ ಹಾಕಿ. ಅಲ್ಲಿ ಸಿಗದವರಿಗೆ ವಿದ್ಯಾಸಿರಿ ಇದೆ, ಊಟ ವಸತಿಗೆ ತಿಂಗಳ ಲೆಕ್ಕದಲ್ಲಿ ಹತ್ತು ತಿಂಗಳು ದುಡ್ಡು ಕೊಡುತ್ತಾರೆ.

ಸರ್ಕಾರಿ ಸ್ಕಾಲರ್‌ಶಿಪ್‌ಗಳಿಗೆ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಎಡವುವುದು ಎಲ್ಲಿ ಗೊತ್ತಾ? ಜಾತಿ ಆದಾಯ ಪತ್ರದ ಆರ್‌ಡಿ ನಂಬರ್, ಮತ್ತೆ ಬ್ಯಾಂಕ್ ಖಾತೆಯ ಆಧಾರ್ ಜೋಡಣೆ. ನಮ್ಮ ಕಾಲೇಜಿನ ಒಬ್ಬ ಹುಡುಗಿಯ ದುಡ್ಡು ಎರಡು ವರ್ಷ ಅವಳ ಹಳೆಯ ಖಾತೆಗೆ ಹೋಗುತ್ತಿತ್ತು. ಆಧಾರ್ ಆ ಖಾತೆಗೆ ಜೋಡಣೆಯಾಗಿತ್ತು, ಅವಳಿಗೆ ತಿಳಿದೇ ಇರಲಿಲ್ಲ. ಅಷ್ಟರಲ್ಲಿ ಅವಳು ಓದು ಬಿಡುವುದರಲ್ಲಿದ್ದಳು. ಸ್ಕಾಲರ್‌ಶಿಪ್ ಇಲ್ಲದೆ ಓದು ಬಿಡುವವರಿಗಿಂತ, ಸ್ಕಾಲರ್‌ಶಿಪ್ ತಡವಾಗಿ ಬಂದು ಓದು ಬಿಡುವವರನ್ನೇ ನಾನು ಜಾಸ್ತಿ ಕಂಡಿದ್ದೇನೆ. ಶುಲ್ಕ ಕಟ್ಟಬೇಕಾದ್ದು ಆಷಾಢದಲ್ಲಿ, ದುಡ್ಡು ಬರುವುದು ಯುಗಾದಿಗೆ. ನಡುವಿನ ಆ ತಿಂಗಳುಗಳನ್ನು ಮನೆಯವರು ಚಿನ್ನ ಅಡವಿಟ್ಟು ದಾಟುತ್ತಾರೆ. ಯೋಜನೆಗೆ ಇನ್ನೊಂದು ಹೆಸರು ಇಡುವ ಬದಲು ಇರುವ ದುಡ್ಡನ್ನು ಜುಲೈ ತಿಂಗಳಲ್ಲಿ ಕೊಟ್ಟರೆ ಅರ್ಧ ಕಷ್ಟ ಇಳಿಯುತ್ತದೆ.

ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾಯಿತಲ್ಲ, ಅದು ನೋಡಿ. ಅರ್ಜಿ ಇಲ್ಲ, ಆರ್‌ಡಿ ನಂಬರ್ ಇಲ್ಲ. ಆಧಾರ್ ತೋರಿಸಿ ಬಸ್ಸು ಹತ್ತಿದರೆ ಆಯಿತು. ನಮ್ಮ ಕ್ಲಾಸಿಗೆ 25 ಕಿಲೋಮೀಟರ್ ದೂರದ ಹಳ್ಳಿಯಿಂದ ಹುಡುಗಿಯರು ದಿನಾ ಬರುತ್ತಿದ್ದಾರೆ.

ಡಿಪ್ಲೊಮಾ ದಾರಿ

ಇದು ಈ ಅಣ್ಣನಿಗೆ ತಡವಾಯಿತು, ಆದರೆ ಹತ್ತನೇ ಕ್ಲಾಸಿನ ಮಕ್ಕಳಿರುವವರು ಓದಿ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಸರ್ಕಾರಿ ಪಾಲಿಟೆಕ್ನಿಕ್, ಮೂರು ವರ್ಷ. ಶುಲ್ಕ ವರ್ಷಕ್ಕೆ ಕೆಲವು ಸಾವಿರ ಅಷ್ಟೇ. ಆಮೇಲೆ ಡಿಪ್ಲೊಮಾದವರಿಗೆ ನಡೆಸುವ ಡಿಸಿಇಟಿ ಪರೀಕ್ಷೆ ಬರೆದು ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ನೇರ ಪ್ರವೇಶ. ಒಂದು ವರ್ಷದ ಶುಲ್ಕ ಉಳಿಯಿತು. ನಾನು ಹೀಗೇ ಓದಿದೆ, ಸಾಲ ಇಲ್ಲದೆ ಹೊರಬಂದೆ.

ಹಳೇ ಬಿಡಿಟಿ ವಿದ್ಯಾರ್ಥಿ

ದಾವಣಗೆರೆಯವರಾ? ಹಾಗಾದರೆ ಊರಿನಲ್ಲೇ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು ಇದೆಯಲ್ಲ. ನೀವು ಸಿಇಟಿಗೆ ಕೊಟ್ಟ ಆದ್ಯತೆ ಪಟ್ಟಿಯಲ್ಲಿ ಅದು ಮೇಲಿದ್ದರೆ ಸೀಟು ಒಪ್ಪಿಕೊಳ್ಳುವಾಗ ಆಯ್ಕೆ 2 ಒತ್ತಿ. ಕೈಯಲ್ಲಿರುವ ಸೀಟು ಉಳಿಸಿಕೊಂಡೇ ಮುಂದಿನ ಸುತ್ತಿಗೆ ಹೋಗಬಹುದು. ಎಸ್‌ಎನ್‌ಕ್ಯೂ ಸೀಟುಗಳನ್ನೂ ನೋಡಿ. ಆದಾಯ 8 ಲಕ್ಷದ ಒಳಗಿನವರಿಗೆ ಪ್ರತಿ ಕೋರ್ಸಿನಲ್ಲೂ ಶೇ 5ರಷ್ಟು ಹೆಚ್ಚುವರಿ ಸೀಟು, ಬೋಧನಾ ಶುಲ್ಕ ಇಲ್ಲ.

ಸರ್ಕಾರಿ ಕಾಲೇಜನ್ನು ನಾವು ಉಳಿಸಿಕೊಳ್ಳಬೇಕು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. 2024ರಲ್ಲಿ ಇದೇ ಯುಬಿಡಿಟಿಯ ಅರ್ಧ ಸೀಟುಗಳನ್ನು ಹೆಚ್ಚು ಶುಲ್ಕದ ಪೇಮೆಂಟ್ ಕೋಟಾ ಮಾಡಿದ್ದಕ್ಕೆ ಹುಡುಗರು ಬೀದಿಗಿಳಿದಿದ್ದರು. ನಾನೂ ಹೋಗಿ ನಿಂತಿದ್ದೆ. ಆಟೊದವರ ಮಕ್ಕಳು, ಹಮಾಲರ ಮಕ್ಕಳು ಇಂಜಿನಿಯರ್ ಆದ ಕಾಲೇಜು ಅದು. ಅಲ್ಲೇ ಶುಲ್ಕ ಏರಿದರೆ ಸಾಲದ ಯೋಜನೆ ಎಷ್ಟು ತಂದರೂ ಏನು ಬಂತು?

ನಿವೃತ್ತ ಬ್ಯಾಂಕ್ ನೌಕರ, ಶಿವಮೊಗ್ಗ

ಒಪ್ಪಿದೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಕೇಂದ್ರದ ಸಾಲ ಯೋಜನೆ ಪಿಎಂ ವಿದ್ಯಾಲಕ್ಷ್ಮಿಯನ್ನೇ ನೋಡಿ. ಅಡಮಾನ ಇಲ್ಲ, ಜಾಮೀನು ಇಲ್ಲ, 8 ಲಕ್ಷದೊಳಗಿನ ಆದಾಯದವರಿಗೆ 10 ಲಕ್ಷದವರೆಗಿನ ಸಾಲದ ಬಡ್ಡಿಯಲ್ಲಿ ಶೇ 3 ರಿಯಾಯಿತಿ. ಒಳ್ಳೆಯ ಯೋಜನೆ. ಆದರೆ ಶುರುವಿಗೆ ಅದರಲ್ಲಿ ಸೇರಿದ್ದು ದೇಶದ 860 ಉನ್ನತ ಸಂಸ್ಥೆಗಳು. ಬಡ್ಡಿ ರಿಯಾಯಿತಿ ವರ್ಷಕ್ಕೆ 1 ಲಕ್ಷ ವಿದ್ಯಾರ್ಥಿಗಳಿಗೆ ಮಾತ್ರ. ಕೂಲಿಯವರ ಮಕ್ಕಳು ಹೆಚ್ಚಾಗಿ ಸೇರುವುದು ಜಿಲ್ಲೆ, ತಾಲ್ಲೂಕಿನ ಸಾಧಾರಣ ಕಾಲೇಜುಗಳಿಗೆ. ಅವುಗಳಲ್ಲಿ ಹೆಚ್ಚಿನವು ಆ ಪಟ್ಟಿಯಲ್ಲಿಲ್ಲ.

ತುಮಕೂರು ಮೇಷ್ಟ್ರು

ಎಂಬತ್ತರ ಹತ್ತಿರ ಬಂದಿದ್ದೇನೆ, ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನಮ್ಮ ಅಪ್ಪ ವಾರಾನ್ನ ಮಾಡಿ ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಒಂದು ಮನೆ. ಗುರುವಾರಕ್ಕೆ ಮನೆ ಸಿಕ್ಕಿರಲಿಲ್ಲವಂತೆ, ಅವತ್ತು ಉಪವಾಸ. ನನ್ನ ಕಾಲಕ್ಕೆ ಸಿದ್ಧಗಂಗಾ ಮಠ ಇತ್ತು. ಜಾತಿ ಕೇಳದೆ ಅನ್ನ ಹಾಕಿದರು, ಮಲಗಲು ಜಾಗ ಕೊಟ್ಟರು. ನನ್ನ ಡಿಗ್ರಿಗೆ ಮನೆಯಿಂದ ಹೋದದ್ದು ಬಸ್ ಚಾರ್ಜು ಮಾತ್ರ.

ಇದನ್ನು ಯಾಕೆ ಹೇಳಿದೆ ಅಂದರೆ, ಆಗ ಓದುವ ಹುಡುಗ ಊರಿನವರ ಜವಾಬ್ದಾರಿ ಆಗಿದ್ದ. ಈಗ ಅವನೊಬ್ಬ ಸಾಲಗಾರ, ಅವನ ಅಪ್ಪ ಜಾಮೀನುದಾರ. ಶುಲ್ಕದ ಬಗ್ಗೆ ಎಲ್ಲರೂ ಬರೆದಿದ್ದೀರಿ. ಬೆಂಗಳೂರಿನಲ್ಲಿ ಮಗು ಎಲ್ಲಿ ಉಣ್ಣುತ್ತದೆ, ಎಲ್ಲಿ ಮಲಗುತ್ತದೆ ಅನ್ನುವುದು ಅದಕ್ಕಿಂತ ದೊಡ್ಡ ಖರ್ಚು. ಹೊಸ ಕಾಲೇಜು ಕಟ್ಟುವ ಮೊದಲು ಹಾಸ್ಟೆಲ್ ಕಟ್ಟಿ ಅಂತ ನಮ್ಮ ಶಾಸಕರಿಗೆ ಪತ್ರ ಬರೆದಿದ್ದೇನೆ. ನೀವೂ ಬರೆಯಿರಿ.

ದಾವಣಗೆರೆ ಅಣ್ಣ

ಎಲ್ಲರಿಗೂ ತಿಳಿಸಬೇಕು ಅಂತ ಬಂದೆ.

ಬ್ಯಾಂಕಿಗೆ ನಾನು, ಅಪ್ಪ, ತಂಗಿ ಮೂವರೂ ಹೋದೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಮೊದಲು ಅದೇ ಮಾತು, ಏರಿಯಾ ಬರಲ್ಲ. ತಂಗಿಯೇ ಕೇಳಿದಳು, ‘ಸರ್, ಕಾರಣ ಬರೆದು ಕೊಡಿ.’ ಅವರು ಅವಳ ಅಂಕಪಟ್ಟಿ ತಿರುವಿ ನೋಡಿದರು. ಕೂರಿ ಅಂದರು. ಅರ್ಜಿ ತೆಗೆದುಕೊಂಡರು. 4 ಲಕ್ಷಕ್ಕೆ ಹಾಕಿದ್ದೇವೆ, ಅಡಮಾನ ಕೇಳಲಿಲ್ಲ. ಆದಾಯ ಪತ್ರ ಅದರ ಜೊತೆಗೇ ಕೊಟ್ಟಿದ್ದೇವೆ ಸರ್, ನೀವು ಹೇಳಿದ ಹಾಗೆ.

ಆದರೆ ಮಂಜೂರಾಗಲು ಇನ್ನೂ ವಾರಗಳು ಬೇಕಂತೆ, ಮೊದಲ ವರ್ಷದ ಶುಲ್ಕಕ್ಕೆ ಎರಡೇ ದಿನ ಇತ್ತು. ಮೇಡಂ ಹೇಳಿದ ಆ ನಡುವಿನ ದಿನಗಳು ಇವೇ. ಅಪ್ಪನ ಸ್ಟ್ಯಾಂಡಿನವರು ಒಂದು ಚೀಟಿ ನಡೆಸುತ್ತಾರೆ. ಅಪ್ಪನ ಸರದಿ ಬರಲು ಇನ್ನೂ ಏಳು ತಿಂಗಳು ಇತ್ತು. ಈ ತಿಂಗಳು ಎತ್ತಬೇಕಾಗಿದ್ದವರು ತಮ್ಮ ಸರದಿ ಬಿಟ್ಟುಕೊಟ್ಟರು. ಅವರ ಮನೆಯಲ್ಲೂ ಮದುವೆ ಇತ್ತು. ಉಳಿದದ್ದಕ್ಕೆ ಅಮ್ಮನ ಸರ ಅಡವಿಟ್ಟೆವು, ಬೆಂಡೋಲೆ ಉಳಿಯಿತು. ರಸೀದಿ ತೋರಿಸಿದರೆ ಸಾಲದಲ್ಲಿ ಈ ದುಡ್ಡು ವಾಪಸ್ ಕೊಡುತ್ತೇವೆ ಅಂತ ಬ್ಯಾಂಕಿನವರು ಹೇಳಿದ್ದಾರೆ. ಬಂದ ದಿನವೇ ಸರ ಬಿಡಿಸುತ್ತೇವೆ.

ಆಯ್ಕೆ 2 ಒತ್ತಿದ್ದೇವೆ. ಊರಿನ ಕಾಲೇಜು ಸಿಕ್ಕರೆ ಅಲ್ಲೇ, ಇಲ್ಲದಿದ್ದರೆ ಬೆಂಗಳೂರು. ಆ 60 ಸಾವಿರಕ್ಕೆ ಲಿಖಿತ ವಿವರ ಕೇಳಿ ಇಮೇಲ್ ಹಾಕಿದ್ದೇವೆ, ಉತ್ತರ ಬಂದಿಲ್ಲ. ಬರದಿದ್ದರೆ ದೂರು ಕೊಡುತ್ತೇವೆ.

ಒಂದು ಸಣ್ಣ ಸಹಾಯ. ಮೊದಲ ವರ್ಷಕ್ಕೆ ಡ್ರಾಯಿಂಗ್ ಬೋರ್ಡು, ಮಿನಿ ಡ್ರಾಫ್ಟರ್ ಬೇಕಾಗಬಹುದಂತೆ. ಹಳೆಯದು ಯಾರ ಹತ್ತಿರವಾದರೂ ಇದ್ದರೆ ಹೇಳಿ, ಅರ್ಧ ಬೆಲೆಗೆ ತೆಗೆದುಕೊಳ್ಳುತ್ತೇವೆ.

2020 ಬ್ಯಾಚ್

ನನ್ನದು ಗದಗದ ಮನೆಯ ಅಟ್ಟದ ಮೇಲೆ ಇದೆ ಅಣ್ಣಾ. ದುಡ್ಡು ಬೇಡ. ಶನಿವಾರ ಊರಿಗೆ ಹೋಗುತ್ತಿದ್ದೇನೆ, ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಕೊಟ್ಟು ಬೆಂಗಳೂರಿಗೆ ಬರುತ್ತೇನೆ. ಸೋಮವಾರ ಬೆಳಿಗ್ಗೆ ಆರಕ್ಕೆ ಆಗುತ್ತಾ?

ದಾವಣಗೆರೆ ಅಣ್ಣ

ಆರಕ್ಕೆ ಅಪ್ಪ ಆಟೊ ತಗೊಂಡು ಅಲ್ಲೇ ಇರುತ್ತಾರೆ ತಮ್ಮಾ. ಮನೆಗೆ ಬಂದು ಬೆಣ್ಣೆ ದೋಸೆ ತಿಂದೇ ಹೋಗಬೇಕು ಅಂತ ಅಮ್ಮ ಹೇಳಿದ್ದಾರೆ.